ಜೈನ ವಾಙ್ಮಯದಲ್ಲಿ ಪರಶು: ಉಪಕರಣ, ಆಯುಧ, ಸಂಕೇತ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಗುಣವ್ರತಗಳನ್ನು ನಿರೂಪಿಸುವಾಗ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳಲ್ಲಿ ಹಿಂಸಾದಾನವೆಂದರೆ ವಧೆಗೆ ಕಾರಣವಾಗುವ ವಸ್ತುಗಳನ್ನು ಪರರಿಗೆ ಕೊಡುವುದು. ಅಂಥ ವಸ್ತುಗಳ ಪಟ್ಟಿಯಲ್ಲಿ ಆಚಾರ್ಯರು ಮೊಟ್ಟಮೊದಲು ಹೆಸರಿಸಿರುವುದು ಪರಶುವನ್ನು, ಅಂದರೆ ಕೊಡಲಿಯನ್ನು. ಖಡ್ಗ, ಗುದ್ದಲಿ, ಬೆಂಕಿ, ವಿಷ, ಸಂಕೋಲೆ ಮೊದಲಾದವು ಅನಂತರ ಬರುತ್ತವೆ.

ಈ ಪಟ್ಟಿಯನ್ನು ಓದುವ ಶ್ರಾವಕನಿಗೆ ಸಹಜವಾಗಿಯೇ ಒಂದು ಸಂದೇಹ ಮೂಡುತ್ತದೆ. ಖಡ್ಗ ಕೊಲ್ಲುವುದಕ್ಕೆಂದೇ ಹುಟ್ಟಿದ ವಸ್ತು. ಅದನ್ನು ಕೊಡಬಾರದೆಂಬುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಕೊಡಲಿ, ಗುದ್ದಲಿ, ಬೆಂಕಿಗಳು ನಿತ್ಯಜೀವನದ ಸಾಧನಗಳು. ಕೊಡಲಿಯಿಲ್ಲದೆ ಸೌದೆಯಿಲ್ಲ, ಸೌದೆಯಿಲ್ಲದೆ ಅಡುಗೆಯಿಲ್ಲ ಎಂಬ ಕಾಲದಲ್ಲಿ ಬರೆದ ಗ್ರಂಥವಿದು. ಹೀಗಿರುವಾಗ ಉಪಕರಣವನ್ನೂ ಆಯುಧವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದುದೇಕೆ? ದೋಷ ವಸ್ತುವಿನಲ್ಲಿದೆಯೋ, ಹಿಡಿದವನ ಭಾವದಲ್ಲಿದೆಯೋ, ಕೊಟ್ಟವನ ಕೈಯಲ್ಲಿದೆಯೋ? ಕೊಡಲಿಯ ಪ್ರಸಂಗ ಬರುವ ಜೈನ ಗ್ರಂಥಗಳನ್ನು ಜೊತೆಯಾಗಿಟ್ಟು ನೋಡಿದರೆ ಈ ಪ್ರಶ್ನೆಗೆ ಒಂದು ಸುಸಂಗತವಾದ ಉತ್ತರ ದೊರೆಯುತ್ತದೆ.

ಮಾನವನ ಕೈಗೆ ಬಂದ ಅತಿ ಪ್ರಾಚೀನ ಸಾಧನಗಳಲ್ಲಿ ಕೊಡಲಿಯೂ ಒಂದು. ಕರ್ನಾಟಕದ ಹುಣಸಗಿ ಪ್ರದೇಶದ ಇಸಾಂಪುರದಲ್ಲಿ ದೊರೆತ ಕಲ್ಲಿನ ಕೈಗೊಡಲಿಗಳ ಕಾಲವನ್ನು ವಿದ್ವಾಂಸರು ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಒಯ್ದಿದ್ದಾರೆ. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳ ಬಳಿ ನವಶಿಲಾಯುಗದ ಜನರು ಕಪ್ಪು ಶಿಲೆಯನ್ನು ಒಡೆದು, ಉಜ್ಜಿ, ನಯಗೊಳಿಸಿ ಕೊಡಲಿಗಳನ್ನು ಮಾಡುತ್ತಿದ್ದ ನೆಲೆಗಳು ಕಂಡುಬಂದಿವೆ. ಕಾಡು ಕಡಿದು ಹೊಲ ಮಾಡಿದ್ದು, ಮನೆಗೆ ತೊಲೆ ಹೊಂದಿಸಿದ್ದು, ನೇಗಿಲು ಕೆತ್ತಿದ್ದು ಇದೇ ಸಾಧನದಿಂದ. ಮನುಷ್ಯ ಮನುಷ್ಯನ ಮೇಲೆ ಎತ್ತಿದ್ದೂ ಇದನ್ನೇ. ಖಡ್ಗಕ್ಕೆ ಇರುವುದು ಒಂದೇ ಕೆಲಸ; ಕೊಡಲಿಗೆ ಎರಡು.

ಜಿನಸೇನಾಚಾರ್ಯರ ಆದಿಪುರಾಣದ ದೃಷ್ಟಿಯಿಂದ ನೋಡಿದರೆ ಈ ಇಬ್ಬಗೆಯ ಸ್ವಭಾವಕ್ಕೆ ಹಿನ್ನೆಲೆಯೊಂದು ಸಿಗುತ್ತದೆ. ಭೋಗಭೂಮಿಯ ಕಾಲದಲ್ಲಿ ಬೇಕಾದುದನ್ನೆಲ್ಲ ಕಲ್ಪವೃಕ್ಷಗಳು ಕೊಡುತ್ತಿದ್ದವು. ಕೇಳಿದ್ದನ್ನು ಕೊಡುವ ಮರವನ್ನು ಕಡಿಯುವ ಅಗತ್ಯ ಯಾರಿಗೂ ಇರಲಿಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿ ಜನರು ದಿಕ್ಕುಗಾಣದೆ ಬಂದಾಗ ಭಗವಾನ್ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದನು. ಕೃಷಿಗೂ ಶಿಲ್ಪಕ್ಕೂ ಕೊಡಲಿ ಬೇಕು. ಅಸಿಯ ಪಕ್ಕದಲ್ಲಿಯೂ ಅದು ನಿಲ್ಲಬಲ್ಲದು. ಆದ್ದರಿಂದ ಕೊಡಲಿಯನ್ನು ಕರ್ಮಭೂಮಿಯ ಕುರುಹು ಎನ್ನಬಹುದು. ದುಡಿಯದೆ ಬದುಕಿಲ್ಲ, ದುಡಿಮೆಯಲ್ಲಿ ಆರಂಭಹಿಂಸೆ ತಪ್ಪದು ಎಂಬ ಸ್ಥಿತಿಯೇ ಗೃಹಸ್ಥನ ಸ್ಥಿತಿ. ಆಚಾರ್ಯರು ಅದನ್ನು ಅಲ್ಲಗಳೆದಿಲ್ಲ. ಅವರು ನಿಷೇಧಿಸಿದ್ದು ‘ಅನರ್ಥ’ವನ್ನು, ಎಂದರೆ ಪ್ರಯೋಜನವಿಲ್ಲದ ಹಿಂಸೆಯ ಹೊರೆಯನ್ನು.

ಮುಂದಿನ ಆಚಾರ್ಯರು ಈ ಸೂಕ್ಷ್ಮವನ್ನು ಇನ್ನಷ್ಟು ಬಿಡಿಸಿದ್ದಾರೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ, 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ ಹಿಂಸೆಯ ಸಾಧನಗಳನ್ನು ಕೊಡಬಾರದೆಂದು ಹೇಳುತ್ತಲೇ ‘ದಾಕ್ಷಿಣ್ಯ’ದ ಸಂದರ್ಭವನ್ನು ಬೇರೆಯಾಗಿ ಎಣಿಸಿದ್ದಾರೆ. ದಾಕ್ಷಿಣ್ಯವೆಂದರೆ ಪರಸ್ಪರ ಕೊಡುಕೊಳ್ಳುವ ಬಂಧುಗಳು, ನೆರೆಹೊರೆಯವರು ಇವರೊಡನೆ ಇರುವ ಪರಿಚಿತ ವ್ಯವಹಾರ. ಕೇಳಿದವನು ಯಾರು, ಯಾವ ಕೆಲಸಕ್ಕೆ ಕೇಳುತ್ತಿದ್ದಾನೆ ಎಂಬುದು ಗೊತ್ತಿರುವ ಕಡೆ ಕೊಡುವುದು ಬೇರೆ; ಏನೂ ತಿಳಿಯದೆ ಕೈಗೆ ಹರಿತವಾದ ಕಬ್ಬಿಣವನ್ನಿಡುವುದು ಬೇರೆ. ಕೊಡುವವನು ವಿಚಾರಿಸಬೇಕು ಎಂಬುದೇ ಈ ವ್ಯತ್ಯಾಸದ ತಿರುಳು. ಹೇಮಚಂದ್ರರು ಶ್ರಾವಕನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ಇದ್ದಿಲು ಸುಡುವುದನ್ನೂ ಕಾಡು ಕಡಿದು ಮಾರುವುದನ್ನೂ ಸೇರಿಸಿರುವುದು ವ್ಯಾಪಾರಸ್ಥರಾದ ಶ್ರಾವಕರು ಮನನ ಮಾಡಬೇಕಾದ ಸಂಗತಿ.

ಇನ್ನು ಆಯುಧವಾಗಿ ಪರಶು. ಭಾರತೀಯ ಪರಂಪರೆಯಲ್ಲಿ ಈ ಆಯುಧದೊಡನೆ ನೆನಪಿಗೆ ಬರುವ ಹೆಸರು ಪರಶುರಾಮನದು. ಕಡಲಿಗೆ ಕೊಡಲಿಯನ್ನೆಸೆದು ಕರಾವಳಿಯನ್ನು ಪಡೆದನೆಂಬ ಐತಿಹ್ಯ ತುಳುನಾಡಿನಲ್ಲಿ ಮನೆಮಾತಾಗಿದೆ. ಜೈನ ಪುರಾಣಗಳಲ್ಲಿಯೂ ಈತನ ಕಥೆಯಿದೆ, ಆದರೆ ಅದು ಎಂಟನೆಯ ಚಕ್ರವರ್ತಿಯಾದ ಸುಭೌಮನ ಚರಿತ್ರೆಯ ಅಂಗವಾಗಿ ಬರುತ್ತದೆ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಕಾರ ರೇಣುಕೆಯನ್ನು ಕಾಣಲು ಬಂದ ಅಣ್ಣ ಅರಿಂಜಯ ಮುನಿಯು ಆಕೆಗೆ ಸಮ್ಯಕ್ತ್ವವನ್ನು ಬೋಧಿಸಿ, ಜೊತೆಗೆ ಕಾಮಧೇನುವನ್ನೂ ಮಂತ್ರಸಹಿತವಾದ ಪರಶುವನ್ನೂ ಕೊಡುತ್ತಾನೆ. ಅಯೋಧ್ಯೆಯ ಅರಸು ಸಹಸ್ರಬಾಹುವಿನ ಮಗ ಕೃತವೀರನು ಧೇನುವನ್ನು ಆಶಿಸಿ, ಜಮದಗ್ನಿಯನ್ನು ಕೊಂದು ಅದನ್ನು ಒಯ್ಯುತ್ತಾನೆ. ಜಮದಗ್ನಿಯ ಮಕ್ಕಳು ಆ ಪರಶುವಿನಿಂದ ತಂದೆಮಕ್ಕಳಿಬ್ಬರನ್ನೂ ಕೊಲ್ಲುತ್ತಾರೆ. ಅಷ್ಟಕ್ಕೆ ನಿಲ್ಲದೆ ಇಪ್ಪತ್ತೊಂದು ಬಾರಿ ಕ್ಷತ್ರಿಯಕುಲವನ್ನು ತರಿಯುತ್ತಾರೆ. ಗರ್ಭಿಣಿಯಾಗಿದ್ದ ಸಹಸ್ರಬಾಹುವಿನ ರಾಣಿ ಕಾಡಿನಲ್ಲಿ ಅಡಗಿ ಸುಭೌಮನನ್ನು ಹೆರುತ್ತಾಳೆ. ಹತರಾದ ಅರಸರ ಹಲ್ಲುಗಳು ಯಾರ ಮುಂದೆ ಅನ್ನವಾಗುವವೋ ಅವನೇ ನಿನ್ನ ಶತ್ರು ಎಂದು ನಿಮಿತ್ತಜ್ಞಾನಿಯಿಂದ ಕೇಳಿದ ಪರಶುರಾಮನು ದಾನಶಾಲೆಯನ್ನು ತೆರೆದು, ಬಂದವರಿಗೆಲ್ಲ ಆ ಹಲ್ಲುಗಳ ತಟ್ಟೆಯನ್ನು ತೋರಿಸಿ ಪರೀಕ್ಷಿಸುತ್ತಾನೆ. ಸುಭೌಮನ ಮುಂದೆ ಹಲ್ಲುಗಳು ಅನ್ನವಾಗುತ್ತವೆ, ಅವನಿಗೆ ಚಕ್ರ ಒದಗುತ್ತದೆ, ಪರಶುರಾಮ ಹತನಾಗುತ್ತಾನೆ.

ಮಕ್ಕಳಿಗಾಗಿ ಹೇಳುವ ಕಥೆಗಳಲ್ಲಿಯೂ ಕೆಲವು ಪ್ರವಚನಗಳಲ್ಲಿಯೂ ಈ ಪ್ರಸಂಗ ಇಲ್ಲಿಗೇ ಮುಗಿಯುವುದುಂಟು. ಹಾಗೆ ಮುಗಿದಾಗ ಕೇಳಿದವರಿಗೆ ‘ನಮ್ಮ ಚಕ್ರವರ್ತಿ ಪರಶುರಾಮನನ್ನು ಗೆದ್ದನು’ ಎಂಬ ಹೆಮ್ಮೆಯಷ್ಟೇ ಉಳಿಯುತ್ತದೆ. ಇದು ಪುರಾಣಕಾರರ ಆಶಯಕ್ಕೆ ಮಾಡುವ ಅಪಚಾರ. ಗುಣಭದ್ರರು ಸುಭೌಮನನ್ನು ಅಲ್ಲಿ ಬಿಡುವುದಿಲ್ಲ. ಒಂದು ಭಕ್ಷ್ಯದ ಹೆಸರು ಕೇಳಿಯೇ ಸಿಟ್ಟಾಗಿ ಅಡುಗೆಯವನ ಸಾವಿಗೆ ಕಾರಣನಾದ ಅವನು, ಅದೇ ಅಡುಗೆಯವನು ದೇವನಾಗಿ ಹುಟ್ಟಿ ವರ್ತಕನ ವೇಷದಲ್ಲಿ ತಂದ ಹಣ್ಣುಗಳ ರುಚಿಗೆ ಮರುಳಾಗಿ ಕಡಲಿನ ನಡುವೆ ಪ್ರಾಣ ಬಿಟ್ಟು ನರಕಕ್ಕೆ ಇಳಿಯುತ್ತಾನೆ. ಹೇಮಚಂದ್ರರ ತ್ರಿಷಷ್ಟಿಶಲಾಕಾಪುರುಷಚರಿತದ ಪಾಠ ಮತ್ತೂ ಕಠೋರವಾಗಿದೆ. ಅಲ್ಲಿ ಪರಶುರಾಮನು ಏಳು ಬಾರಿ ಕ್ಷತ್ರಿಯರನ್ನು ಕೊಂದರೆ, ಸುಭೂಮನು ಇಪ್ಪತ್ತೊಂದು ಬಾರಿ ಬ್ರಾಹ್ಮಣರನ್ನು ಕೊಲ್ಲುತ್ತಾನೆ. ಸೇಡಿನ ಲೆಕ್ಕದಲ್ಲಿ ಜಮೆಯಾದದ್ದು ಅಸಲಿನ ಮೂರು ಪಟ್ಟು. ಅವನೂ ನರಕಕ್ಕೇ ಹೋಗುತ್ತಾನೆ. ತಮ್ಮ ಪರಂಪರೆಯ ಚಕ್ರವರ್ತಿಯನ್ನು ನರಕಕ್ಕೆ ಕಳುಹಿಸಲು ಹಿಂಜರಿಯದ ಈ ನಿಷ್ಪಕ್ಷಪಾತವೇ ಕಥೆಯ ಜೀವಾಳ. ಪರಶುವಿಗೆ ಚಕ್ರ ಉತ್ತರವಾಯಿತು. ಆದರೆ ಸೇಡಿಗೆ ಸೇಡು ಉತ್ತರವಾಗಲಿಲ್ಲ.

ಈ ಕಥೆಯಲ್ಲಿ ಎದುರಿಸಲೇಬೇಕಾದ ಒಂದು ತೊಡಕೂ ಇದೆ. ಸಮಂತಭದ್ರರು ಯಾವ ವಸ್ತುವನ್ನು ಕೊಡಬಾರದೆಂದು ಗೃಹಸ್ಥನಿಗೂ ವಿಧಿಸಿದರೋ ಅದನ್ನು ಉತ್ತರಪುರಾಣದಲ್ಲಿ ಮುನಿಯೊಬ್ಬನು ತಂಗಿಗೆ ಕೊಡುತ್ತಾನೆ. ಆ ಕೊಡುಗೆಯ ಹಿಂದೆ ಇದ್ದದ್ದು ವಾತ್ಸಲ್ಯ, ರಕ್ಷಣೆಯ ಅಪೇಕ್ಷೆ. ಕೊಟ್ಟವನಿಗೆ ಕೊಲೆಯ ಭಾವ ಲೇಶವೂ ಇರಲಿಲ್ಲ. ಆದರೂ ಅದೇ ಪರಶು ಒಂದು ತಲೆಮಾರಿನೊಳಗೆ ರಾಜಕುಲಗಳನ್ನು ಅಳಿಸಿತು. ‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂಬ ಕನ್ನಡದ ಗಾದೆ ಇಲ್ಲಿ ಬೇರೊಂದು ಬಗೆಯಲ್ಲಿ ನಿಜವಾಗುತ್ತದೆ. ಪುರಾಣಕಾರರು ಈ ಕೊಡುಗೆಯನ್ನು ಖಂಡಿಸುವುದಿಲ್ಲ. ಪರಿಣಾಮವನ್ನು ಮಾತ್ರ ಕಾಣಿಸುತ್ತಾರೆ. ಕೊಟ್ಟವನ ಒಳ್ಳೆಯ ಭಾವ ಕೊಟ್ಟ ವಸ್ತುವಿನ ಬೆನ್ನು ಹತ್ತಿ ಹೋಗುವುದಿಲ್ಲ. ವಸ್ತು ಕೈ ಬದಲಾಯಿಸಿದ ಮೇಲೆ ಅದು ಹೊಸ ಒಡೆಯನ ಕಷಾಯಕ್ಕೆ ಅಧೀನ. ಹಿಂಸಾದಾನದ ನಿಷೇಧಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಿಲ್ಲ.

ಕನ್ನಡ ಜೈನರಿಗೆ ಈ ವಿಚಾರ ಇನ್ನೂ ಹತ್ತಿರದ್ದಾಗುವುದು ಚಾವುಂಡರಾಯನ ದೆಸೆಯಿಂದ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಈತನು ಕ್ರಿ.ಶ. 978ರಲ್ಲಿ ರಚಿಸಿದ ತ್ರಿಷಷ್ಟಿಲಕ್ಷಣ ಮಹಾಪುರಾಣವು 63 ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಹೇಳುತ್ತದೆ. ಆದುದರಿಂದ ಸುಭೌಮನೂ ಅದರಲ್ಲಿದ್ದಾನೆ. ಅದೇ ಚಾವುಂಡರಾಯನಿಗೆ ‘ಸಮರಪರಶುರಾಮ’ ಎಂಬ ಬಿರುದೂ ಇತ್ತು. ತನ್ನ ಸೋದರ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದುದರಿಂದ ಈ ಬಿರುದು ಬಂದಿತೆಂದು ಹೇಳಲಾಗಿದೆ. ಪರಶುರಾಮನ ಸೇಡಿನ ಪರಿಣಾಮವನ್ನು ಬರೆದ ಲೇಖನಿಯೂ ಪರಶುರಾಮನೆಂಬ ಬಿರುದನ್ನು ಧರಿಸಿದ ಖಡ್ಗವೂ ಒಬ್ಬನೇ ಶ್ರಾವಕನ ಕೈಯಲ್ಲಿದ್ದವು. ರಾಜ್ಯರಕ್ಷಣೆಗಾಗಿ ಮಾಡಿದ ಯುದ್ಧವನ್ನು ವಿರೋಧಿಹಿಂಸೆಯೆಂದು ಸಮರ್ಥಿಸುವುದು ವಾಡಿಕೆ. ಸೋದರನ ಸಾವಿಗೆ ಪ್ರತಿಯಾಗಿ ಮಾಡಿದ ವಧೆಯನ್ನು ಆ ಕೋಷ್ಟಕದಲ್ಲಿ ಸೇರಿಸುವುದು ಅಷ್ಟು ಸುಲಭವಲ್ಲ. ಚಾವುಂಡರಾಯನ ಹಿರಿಮೆಯನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಈ ಸಂಗತಿಯನ್ನು ಮುಚ್ಚಬೇಕಾಗಿಲ್ಲ. ಆತನಿಗೆ ‘ಸತ್ಯಯುಧಿಷ್ಠಿರ’, ‘ಸಮ್ಯಕ್ತ್ವರತ್ನಾಕರ’ ಎಂಬ ಬಿರುದುಗಳೂ ಇದ್ದವು. ಒಂದೇ ಜೀವದಲ್ಲಿ ಇವೆಲ್ಲ ಕೂಡಿದ್ದುವೆಂಬುದೇ ಗೃಹಸ್ಥಧರ್ಮದ ಕಷ್ಟವನ್ನು ತಿಳಿಸುತ್ತದೆ. ತನ್ನ ಪುರಾಣದ ಅರವತ್ತಮೂವರಲ್ಲಿ ಚಕ್ರವರ್ತಿಗಳಿದ್ದರು, ವಾಸುದೇವರಿದ್ದರು. ಆದರೆ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 58 ಅಡಿ ಎತ್ತರದಲ್ಲಿ ಆತ ನಿಲ್ಲಿಸಿದ್ದು, ಅಣ್ಣನನ್ನು ಗೆದ್ದೂ ಗೆಲುವನ್ನು ಬಿಟ್ಟು ನಡೆದ ಬಾಹುಬಲಿಯನ್ನು.

ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ವಿವರಿಸುವ ಪ್ರಸಿದ್ಧ ದೃಷ್ಟಾಂತವಿದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಬುಡಸಹಿತ ಕೀಳಬೇಕೆಂದು ಒಬ್ಬ, ಕಾಂಡವನ್ನು ಕಡಿಯಬೇಕೆಂದು ಇನ್ನೊಬ್ಬ, ಕೊಂಬೆ ಸಾಕೆಂದು ಮೂರನೆಯವ, ರೆಂಬೆ ಸಾಕೆಂದು ನಾಲ್ಕನೆಯವ, ಹಣ್ಣನ್ನಷ್ಟೇ ಕಿತ್ತರಾಯಿತೆಂದು ಐದನೆಯವ, ಬಿದ್ದ ಹಣ್ಣೇ ಸಾಕೆಂದು ಆರನೆಯವ ಬಗೆಯುತ್ತಾರೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಕ್ರಮವಿದು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಈ ಮರವಿದೆ. ಬಸದಿಗಳ ಗೋಡೆಗಳ ಮೇಲೆ, ಪಾಠಶಾಲೆಯ ಪುಸ್ತಕಗಳಲ್ಲಿ ಇದನ್ನು ನೋಡದ ಜೈನ ಮನೆಯಿಲ್ಲ.

ಚಿತ್ರಗಳಲ್ಲಿ ಸಾಮಾನ್ಯವಾಗಿ ಮೊದಲ ಮೂವರ ಕೈಯಲ್ಲಿ ಕೊಡಲಿ ಕಾಣುತ್ತದೆ. ಆದರೆ ನೇಮಿಚಂದ್ರರ ಗಾಥೆಗಳಲ್ಲಿ ಕೊಡಲಿಯ ಹೆಸರೇ ಇಲ್ಲ. ಅಲ್ಲಿ ಇರುವುದು ಆರು ಜನರ ಆಲೋಚನೆ ಮತ್ತು ಮಾತು. ಮರ ಇನ್ನೂ ನಿಂತಿದೆ, ಒಂದು ಎಲೆಯೂ ಉದುರಿಲ್ಲ. ಆದರೂ ಆರು ಜೀವಗಳ ಬಣ್ಣ ಆಗಲೇ ನಿರ್ಧಾರವಾಗಿದೆ. ಚಿತ್ರಕಾರನು ಭಾವವನ್ನು ಬಣ್ಣದಲ್ಲಿ ತೋರಿಸಲಾರದೆ ಕೈಗೆ ಕೊಡಲಿಯನ್ನು ಕೊಟ್ಟನು. ಅದು ಅವನ ಮಾಧ್ಯಮದ ಅಗತ್ಯ. ಆದರೆ ಚಿತ್ರವನ್ನೇ ನೋಡಿ ಬೆಳೆದವರು, ಕೊಡಲಿಯಿದ್ದವನು ಪಾಪಿ, ಬರಿಗೈಯವನು ಪುಣ್ಯವಂತ ಎಂದು ತಿಳಿದರೆ ದೃಷ್ಟಾಂತವೇ ತಲೆಕೆಳಗಾಗುತ್ತದೆ. ಬರಿಗೈಯಲ್ಲಿ ನಿಂತು ಬುಡ ಕೀಳಲು ಬಗೆದವನೂ ಕೃಷ್ಣಲೇಶ್ಯೆಯವನೇ.

ಇಷ್ಟರಿಂದ ಮೊದಲಿನ ಸಂದೇಹಕ್ಕೆ ಉತ್ತರ ಹೊಳೆಯುತ್ತದೆ. ಗೊಮ್ಮಟಸಾರವು ಹಿಡಿಯುವವನ ಅಂತರಂಗವನ್ನು ಪರೀಕ್ಷಿಸುತ್ತದೆ. ಅಲ್ಲಿ ಭಾವವೇ ಪ್ರಮಾಣ. ರತ್ನಕರಂಡಕವು ಕೊಡುವವನ ಹೊಣೆಯನ್ನು ಹೇಳುತ್ತದೆ. ಪರರ ಭಾವ ಅವನಿಗೆ ಕಾಣದಾದ್ದರಿಂದ ಅಲ್ಲಿ ವಸ್ತುವಿನ ಮೇಲೆಯೇ ಎಚ್ಚರ ಬೇಕು. ಎರಡೂ ಒಂದಕ್ಕೊಂದು ವಿರುದ್ಧವಲ್ಲ. ತನ್ನ ವಿಷಯದಲ್ಲಿ ‘ಭಾವ ಶುದ್ಧವಾಗಿದೆ’ ಎಂದು ವಸ್ತುವನ್ನು ಅಲಕ್ಷಿಸುವವನೂ, ‘ಕೈಯಲ್ಲಿ ಕೊಡಲಿಯಿಲ್ಲ’ ಎಂದು ಭಾವವನ್ನು ಅಲಕ್ಷಿಸುವವನೂ ಅರ್ಧ ಪಾಠವನ್ನಷ್ಟೇ ಓದಿದಂತೆ.

ಮುನಿಯ ನಿಲುವು ಇವೆರಡನ್ನೂ ಮೀರಿದ್ದು. ಆಗಮಗಳಲ್ಲಿ ಸಮತೆಗೆ ಕೊಡುವ ಒಂದು ಹೋಲಿಕೆ ‘ವಾಸೀ-ಚಂದನ’. ವಾಸಿಯೆಂದರೆ ಬಡಗಿಯ ಬಾಚಿ, ಕೊಡಲಿಯ ದಾಯಾದಿ. ಒಂದು ಪಕ್ಕದಲ್ಲಿ ಬಾಚಿಯಿಂದ ಕೆತ್ತುವವನನ್ನೂ ಇನ್ನೊಂದು ಪಕ್ಕದಲ್ಲಿ ಚಂದನ ಲೇಪಿಸುವವನನ್ನೂ ಸಮನಾಗಿ ಕಾಣುವವನೇ ಶ್ರಮಣ. ಗೃಹಸ್ಥನಿಂದ ಅದನ್ನು ಯಾರೂ ಕೇಳಿಲ್ಲ. ಬಾಚಿಯನ್ನು ಇನ್ನೊಬ್ಬರ ಮೇಲೆ ಎತ್ತಬೇಡ, ಎತ್ತುವವನ ಕೈಗೆ ಕೊಡಬೇಡ ಎಂಬುದಷ್ಟೇ ಅವನ ಪಾಲಿನ ಪಾಠ.

ಈ ಪಾಠ ಇಂದು ಬಸದಿಗಳ ಅಂಗಳಕ್ಕೇ ಬಂದು ನಿಂತಿದೆ. ಸಭಾಭವನಕ್ಕೆ, ಯಾತ್ರಿನಿವಾಸಕ್ಕೆ, ವಾಹನಗಳ ನಿಲುಗಡೆಗೆ ಜಾಗ ಬೇಕೆಂದು ಹಳೆಯ ಮರಗಳನ್ನು ತೆಗೆಯುವ ಪ್ರಸ್ತಾಪ ಟ್ರಸ್ಟುಗಳ ಮುಂದೆ ಬರುವುದುಂಟು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ಸಾಮಾನ್ಯವಾಗಿ ಅನುಮತಿ ಪಡೆಯಬೇಕು. ಆದರೆ ಅನುಮತಿ ದೊರೆತ ಮಾತ್ರಕ್ಕೆ ವ್ರತದ ಪ್ರಶ್ನೆ ಮುಗಿಯುವುದಿಲ್ಲ. ಕಡಿಯುವವನು ಕೂಲಿಯವನು, ನಿರ್ಣಯಕ್ಕೆ ಸಹಿ ಹಾಕಿದವರ ಕೈಯಲ್ಲಿ ಕೊಡಲಿಯಿಲ್ಲ. ಲೇಶ್ಯಾವೃಕ್ಷದ ಕೆಳಗೆ ನಿಂತ ಆರು ಜನರ ಕೈಯಲ್ಲಿಯೂ ಅದು ಇರಲಿಲ್ಲ. ಕಟ್ಟಡದ ನಕ್ಷೆಯನ್ನು ನಾಲ್ಕಡಿ ಸರಿಸಿದರೆ ಮರ ಉಳಿಯುವುದೇ, ಕೊಂಬೆ ಸವರಿದರೆ ಸಾಕೇ, ಕಟ್ಟಡವೇ ಅನಿವಾರ್ಯವೇ ಎಂದು ಕ್ರಮವಾಗಿ ವಿಚಾರಿಸುವುದು ಕೃಷ್ಣದಿಂದ ಶುಕ್ಲದ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟಂತೆ. ಆಡಳಿತ ಮಂಡಲಿಯ ಸಭೆ ನಡೆಯುವ ಕೊಠಡಿಯಲ್ಲಿ ಆ ಚಿತ್ರವಿದ್ದರೆ, ನಿರ್ಣಯವನ್ನು ಬರೆಯುವ ಮೊದಲು ಸದಸ್ಯರು ಒಮ್ಮೆ ಅದರತ್ತ ನೋಡುವುದು ಉಚಿತ.