ಹುಬ್ಬುಗಳ ನಡುವಿನ ಕಿರುಪಟ್ಟಿ

ಕಾವಸಜಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು ಶ್ರೀರಂಗಪಟ್ಟಣದ ಬಳಿ ತನ್ನವರನ್ನು ಸೇರಿದನಂತೆ. ವರ್ಷದ ಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬಾತ ಅವನಿಗೆ ಹೊಸ ಮೂಗು ಕೂಡಿಸಿದ. ಈ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು.

ಎತ್ತಿನ ಕೋಡು ತಗುಲಿ, ನಾಯಿ ಕಚ್ಚಿ, ಇಲ್ಲವೆ ಮಾಯದ ಗಂಟನ್ನು ಕೊಯ್ಸಿ ಮೂಗಿನ ತೊಗಲು ಕಳಕೊಂಡವರು ನಮ್ಮ ಅಬ್ಬಿಗೇರಿಯಂಥ ಊರಿಂದ ಹುಬ್ಬಳ್ಳಿಗೆ ಹೋದರೆ, ಹಣೆಯ ತೊಗಲಿನಿಂದ ಮೂಗು ಕಟ್ಟುವ ಬಗ್ಗೆ ಡಾಕ್ಟರು ಹೇಳುವ ಮಾತಿನ ಬೇರು ಆ ವರದಿಯಲ್ಲೇ ಇದೆ. ಅದನ್ನು ನನ್ನ ಮಾತಿನ ಐದು ಸಾಲಿಗೆ ಇಳಿಸಿ ಅರ್ಥ ಹೇಳುತ್ತೇನೆ.

ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರ ಮಾಡಿ, ಬಿಚ್ಚಿ ಹಣೆಯ ಮೇಲೆ ಹಾಸಿ ಗೆರೆ ಎಳೆ.
ಖಣದ ಕುಬಸ ಹೊಲಿಯುವಾಕೆ ಮೊದಲು ಕಾಗದ ಕತ್ತರಿಸಿಕೊಳ್ಳುತ್ತಾಳಲ್ಲ, ಹಾಗೆ. ಮೂಗು ಉಬ್ಬಾಗಿರುವುದರಿಂದ, ಹಾಸಿದಾಗ ಕಣ್ಣಂದಾಜಿಗಿಂತ ಹೆಚ್ಚು ತೊಗಲು ಬೇಕು. ಸುಶ್ರುತ ಸಂಹಿತೆ ಅಳತೆಗೆ ಎಲೆ ಬಳಸಿ, ಕೆನ್ನೆಯ ತೊಗಲು ತರುತ್ತದೆ. ಇಲ್ಲಿ ಹಣೆ. ತೊಡೆಯಿಂದ ತಂದ ತೊಗಲು ಮುಖದ ಮೇಲೆ ತೇಪೆಯಾಗಿಯೇ ಕಾಣುತ್ತದೆ, ಹಣೆಯದು ಬಣ್ಣಕ್ಕೂ ದಪ್ಪಕ್ಕೂ ಮೂಗಿಗೆ ಒಪ್ಪುತ್ತದೆ.

ತೊಗಲು ಬಿಡಿಸು; ಕಣ್ಣುಗಳ ನಡುವೆ ಕಿರುಪಟ್ಟಿಯೊಂದನ್ನು ಕೊಯ್ಯದೆ ಬಿಡು.
ಇಡೀ ವಿದ್ಯೆಯ ಜೀವ ಈ ಸಾಲಿನಲ್ಲಿದೆ. ಮಾವಿನ ಸಾಮೀಪ್ಯ ಕಸಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಬೆಸುಗೆ ಕೂಡುವ ತನಕ ಟೊಂಗೆಯನ್ನು ತಾಯಿಮರದಿಂದ ಕಡಿಯುವುದಿಲ್ಲ. ಪೂರ್ತಿ ಕಡಿದು ತಂದ ದಪ್ಪ ತೊಗಲು, ಹೊಸ ಜಾಗದಲ್ಲಿ ರಕ್ತ ಹರಿಯುವ ಮೊದಲೇ ಸತ್ತು ಕರ್ರಗಾಗಬಹುದು. ಪಟ್ಟಿ ಉಳಿದರೆ ಹಳೆಯ ರಕ್ತವೇ ಅದನ್ನು ಸಾಕುತ್ತದೆ. ಹುಬ್ಬಿನ ಒಳತುದಿಯ ಬಳಿಯಿಂದ ಒಂದು ಸಣ್ಣ ರಕ್ತನಾಳ ಹಣೆಗೆ ಏರುತ್ತದೆ. ಇಂದಿನವರು ಅದನ್ನೇ ಹಿಡಿದು, ಒಂದೂವರೆ ಸೆಂಟಿಮೀಟರಿನಷ್ಟೇ ಅಗಲದ ಪಟ್ಟಿ ಇಡುತ್ತಾರೆ. ಅಗಲ ಹೆಚ್ಚಾದರೆ ತಿರುಚಲು ಬಾರದು. ಬೀಡಿ, ಸಿಗರೇಟು ಬಿಡಿ ಎಂದು ಡಾಕ್ಟರು ಹಟ ಹಿಡಿಯುವುದೂ ಇದಕ್ಕೇ. ಹೊಗೆ ಈ ಸಣ್ಣ ನಾಳಗಳನ್ನು ಬಿಗಿಸುತ್ತದೆ.

ಎಲ್ಲರಿಗೂ ಹಣೆ ಬೇಕಿಲ್ಲ. ಗಾಯ ಚಿಕ್ಕದಿದ್ದರೆ ಮಗ್ಗುಲಿನ ಸಡಿಲ ತೊಗಲನ್ನೇ ಸರಿಸಿ ಮುಚ್ಚುತ್ತಾರೆ.

ಹಳೆಯ ಕಲೆಯ ಅಂಚು ಕೆತ್ತಿ, ತೊಗಲನ್ನು ಅರ್ಧ ಸುತ್ತು ತಿರುಗಿಸಿ ಕೂಡಿಸು.
ಹಸಿಗೆ ಹಸಿ ಸೇರಿದರೇ ಬೆಸುಗೆ. ತಿರುಗಿಸುವುದು ಹೊರಮೈ ಹೊರಗೇ ಉಳಿಯಲೆಂದು. ಒಂದು ಕೊರತೆಯನ್ನು ಹೇಳಲೇಬೇಕು: ಇಲ್ಲಿ ಒಳಪದರವಿಲ್ಲ, ಮೃದ್ವಸ್ಥಿಯ ಆಸರೆಯಿಲ್ಲ. ಅಂಥ ಮೂಗು ಬರಬರುತ್ತ ಕುಗ್ಗುತ್ತದೆ. ಆಳದ ಗಾಯಕ್ಕೆ ಈಗ ಒಳಪದರ, ಎಲುಬಿನಂಥ ಆಸರೆ, ಹೊರತೊಗಲು ಮೂರನ್ನೂ ಕಟ್ಟುತ್ತಾರೆ.

ಕಾಚು ನೆನೆಸಿ ಬಟ್ಟೆಪಟ್ಟಿಗೆ ಸವರಿ ಅಂಟಿಸು. ನಾಲ್ಕು ದಿನ ಮುಟ್ಟಬೇಡ.
ಎಲೆಅಡಿಕೆಯ ಕಾಚೇ. ಅದರ ಒಗರು ಅಂಟೂ ಹೌದು, ರಕ್ತ ಕಟ್ಟುವುದೂ ಹೌದು. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ.

ಇಪ್ಪತ್ತೈದನೆಯ ದಿನದ ಹೊತ್ತಿಗೆ ಪಟ್ಟಿ ಕತ್ತರಿಸು.
ಆ ಇಟ್ಟಿಗೆಯವನ ಹೆಸರನ್ನು ವರದಿ ಬರೆಯಲಿಲ್ಲ, ಅದು ನನಗೆ ನೋವು. ಆ ವರದಿ ಓದಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದನ್ನೇ ಮಾಡಿ ಹೆಸರಾದ. ಈಗಲೂ ಸುಮಾರು ಮೂರು ವಾರ ಕಾಯುತ್ತಾರೆ. ಹಣೆಯಿಂದ ಮೂಗಿಗೆ ಇಳಿದ ಸೊಂಡಿಲಿನಂಥ ತೊಗಲು ಹೊತ್ತು ಬಸ್ಸು ಹತ್ತುವುದು, ಓಣಿಯಲ್ಲಿ ನಡೆಯುವುದು ಸುಲಭವಲ್ಲ. "ಕಾಕಾ, ಹೆಂಗೈತಿ?" ಎಂದಷ್ಟೇ ಕೇಳಿ, ದಿಟ್ಟಿಸದಿರುವುದು ಊರಿನವರ ಕೈಲಾಗುವ ಶುಶ್ರೂಷೆ. ಕತ್ತರಿಸುವ ಮುನ್ನ ಪಟ್ಟಿಯ ಬುಡವನ್ನು ಬಿಗಿಹಿಡಿದು, ಮೂಗಿನ ತುದಿಯನ್ನು ಬೆರಳಿಂದ ಒತ್ತಿ ಬಿಟ್ಟು ನೋಡುತ್ತಾರೆ. ಬಣ್ಣ ತಾನಾಗಿ ಮರಳಿದರೆ ಕತ್ತರಿ ತೆಗೆದುಕೊಳ್ಳುತ್ತಾರೆ.