ಡಾ. ಕೋಟ್ನೀಸ್ ಚಿತ್ರದಲ್ಲಿ ಕಾಣದ ಕಲಿಕೆ

ಪರದೇಶಕ್ಕೆ ಹೋದವನು ಅಲ್ಲಿಯ ಜನರೊಡನೆ ಕೂಡಿ ದುಡಿಯುವುದೆಂತು, ಅವರ ನಡುವೆ ಹಿರಿತನ ವಹಿಸುವ ಪ್ರಸಂಗ ಬಂದರೆ ನಡೆದುಕೊಳ್ಳುವುದೆಂತು ಎಂಬ ಪ್ರಶ್ನೆ ಈಗ ದೊಡ್ಡ ಪಟ್ಟಣಗಳವರಿಗೆ ಮಾತ್ರ ಸೇರಿದುದಲ್ಲ. ನಮ್ಮ ಹನ್ನೂರಿನಂತಹ ಹಳ್ಳಿಗಳಿಂದಲೂ ತರುಣರು ಪುಣೆ ಮುಂಬಯಿಗಳಿಗೆ ಹೋಗುವರು. ಕೆಲವರು ಅಲ್ಲಿಂದ ಕಡಲನ್ನೂ ದಾಟುವರು. ಅವರನ್ನು ಮೊದಲು ಅಕ್ಷರಕ್ಕೆ ಹಚ್ಚಿದವರು ನಾವು. ಆದಕಾರಣ ಈ ಪ್ರಶ್ನೆ ಪ್ರಾಥಮಿಕ ಶಿಕ್ಷಕನ ಬಾಗಿಲಿಗೂ ಬಂದು ನಿಲ್ಲುತ್ತದೆ. ಇದಕ್ಕೆ ಉತ್ತರವನ್ನು ಬಹುದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯ ಸೊಲ್ಲಾಪುರ ಪಟ್ಟಣದಲ್ಲಿ 1910ರಲ್ಲಿ ಹುಟ್ಟಿ, 1942ರಲ್ಲಿ ಚೀನಾದಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನೀಸರ ಜೀವನದಲ್ಲಿಯೇ ಅದು ಇದೆ. ಆದರೆ ಅವರನ್ನು ಕುರಿತ ಸುಪ್ರಸಿದ್ಧ ಚಲಚ್ಚಿತ್ರದಲ್ಲಿ ಅದು ಇದೆಯೆ ಎಂಬುದೇ ಈ ಲೇಖನದ ವಿಚಾರ.

‘ಡಾಕ್ಟರ್ ಕೋಟ್ನೀಸ್ ಕೀ ಅಮರ್ ಕಹಾನೀ’ ಎಂಬ ಈ ಹಿಂದಿ ಚಿತ್ರ 1946ರದು. ಹಿಂದೆ ಒಂದು ಸಲ ಇದನ್ನು ನಮ್ಮ ಏಳನೆಯ ಇಯತ್ತೆಯ ಮಕ್ಕಳೊಡನೆ ಕುಳಿತು ನೋಡಿದೆನು. ಮಕ್ಕಳು ಕಣ್ಣೆವೆ ಮುಚ್ಚದೆ ನೋಡಿದರು. ಮುಗಿದ ಮೇಲೆ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳ, ಚೀನಾದಾಗಿನ ಮಂದಿಗೆ ಹಿಂದಿ ಹ್ಯಾಂಗ ಬರತಿತ್ತರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರು ಬರೆದ ವಿಮರ್ಶೆಗಳಿಗಿಂತ ಆ ಬಾಲಕನ ಮಾತು ಚಿತ್ರದ ಮರ್ಮವನ್ನು ಹೆಚ್ಚು ನೇರವಾಗಿ ಮುಟ್ಟಿತ್ತೆಂದು ಈಗ ನನಗೆ ತೋರುತ್ತದೆ.

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಖ್ವಾಜಾ ಅಹಮದ್ ಅಬ್ಬಾಸರು 1944ರಲ್ಲಿ ಕೋಟ್ನೀಸರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಅದನ್ನು ಆಧರಿಸಿ ವ್ಹಿ. ಶಾಂತಾರಾಮರು ಈ ಚಿತ್ರವನ್ನು ನಿರ್ದೇಶಿಸಿ, ನಾಯಕನ ಪಾತ್ರವನ್ನು ತಾವೇ ವಹಿಸಿದರು. ಚೀನೀ ತರುಣಿಯ ಪಾತ್ರ ಜಯಶ್ರೀಯವರದು. ಸಂಗೀತ ವಸಂತ ದೇಸಾಯಿಯವರದು. ದೇಶವಿನ್ನೂ ಪರಾಧೀನವಾಗಿದ್ದಾಗ, ವೈದ್ಯನು ತೀರಿಕೊಂಡು ನಾಲ್ಕು ವರ್ಷ ತುಂಬುವಷ್ಟರಲ್ಲಿ, ನೆರೆಯ ರಾಷ್ಟ್ರದ ಸಂಕಟಕ್ಕೆ ಓಗೊಟ್ಟ ಒಬ್ಬ ಭಾರತೀಯನ ಕಥೆಯನ್ನು ಸಾಮಾನ್ಯ ಪ್ರೇಕ್ಷಕರ ಮುಂದಿರಿಸಿದುದು ಸಣ್ಣ ಕಾರ್ಯವಲ್ಲ. ಈ ಚಿತ್ರವಿರದಿದ್ದರೆ ಕೋಟ್ನೀಸರ ಹೆಸರು ಇಷ್ಟು ಮನೆಗಳನ್ನು ಮುಟ್ಟುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಯಥಾರ್ಥ ಸಂಗತಿಯನ್ನು ನೋಡೋಣ. 1937ರಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿತು. ಚೀನೀ ಸೇನಾನಿ ಝೂ ದೆ ಅವರು ವೈದ್ಯರನ್ನು ಕಳುಹಿಸಿಕೊಡಬೇಕೆಂದು ಜವಾಹರಲಾಲ ನೆಹರೂ ಅವರಿಗೆ ಬರೆದರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ 1938ರಲ್ಲಿ ಐವರು ವೈದ್ಯರ ತಂಡ ಸಿದ್ಧವಾಯಿತು. ಮುಖ್ಯಸ್ಥರು ಡಾ. ಅಟಲ್, ಅವರು ಮೊದಲೇ ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದ್ದವರು. ನಾಗಪುರದ ಚೋಳಕರ, ಕಲಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್ ಇವರು ಉಳಿದ ನಾಲ್ವರು. 1938ರ ಸಪ್ಟಂಬರ 1ರಂದು ಮುಂಬಯಿಯಿಂದ ಹಡಗು ಹೊರಟಿತು. ಮರುವರ್ಷದ ಫೆಬ್ರುವರಿಯಲ್ಲಿ ತಂಡ ಯನಾನ್ ಪಟ್ಟಣವನ್ನು ಸೇರಿತು. ಕಾಲಕ್ರಮದಲ್ಲಿ ನಾಲ್ವರೂ ತಾಯ್ನಾಡಿಗೆ ಮರಳಿದರು, ಒಬ್ಬರು ಮರಳಲಿಲ್ಲ.

ಹೀಗೆ ಉಳಿದವರು ಅಲ್ಲಿ ಏನಾದರು? ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನ್ ಅವರು 1939ರ ನವಂಬರದಲ್ಲಿ ಆ ಯುದ್ಧಭೂಮಿಯಲ್ಲಿಯೇ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರನ್ನು ನಿರ್ದೇಶಕರನ್ನಾಗಿ ನೇಮಿಸಿದರು. ಆಗ ಅವರಿಗೆ ವಯಸ್ಸು ಮೂವತ್ತು. ಒಬ್ಬ ಕೆನಡಿಯನ್ನನ ಹೆಸರು, ಒಬ್ಬ ಭಾರತೀಯನ ಹಿರಿತನ, ಕೈಕೆಳಗೆ ಚೀನೀ ವೈದ್ಯರು, ದಾದಿಯರು, ವಿದ್ಯಾರ್ಥಿಗಳು, ಎದುರಿಗೆ ಗಾಯಗೊಂಡ ರೈತಸೈನಿಕರು! ಬೇರೆಬೇರೆ ನಾಡಿನವರ ತಂಡವನ್ನು ನಡೆಸುವ ವಿಷಯದಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಊಹಿಸುವುದು ಕಷ್ಟ.

ಆ ಪರೀಕ್ಷೆಯಲ್ಲಿ ಅವರನ್ನು ಉತ್ತೀರ್ಣಗೊಳಿಸಿದುದು ಕೇವಲ ವೈದ್ಯವಿದ್ಯೆಯಲ್ಲ, ವಿದ್ಯಾರ್ಥಿವೃತ್ತಿ. ಅವರು ಚೀನೀ ಭಾಷೆಯನ್ನು ಕಲಿತರು. ಅದು ನಮ್ಮ ಭಾಷೆಗಳಂತೆ ಅಕ್ಷರಮಾಲೆಯಿರುವ ಭಾಷೆಯಲ್ಲ. ಒಂದೊಂದು ಲಿಪಿಚಿಹ್ನೆಯನ್ನೂ ಬೇರೆಬೇರೆಯಾಗಿ ಕಲಿಯಬೇಕು. ಸ್ವರದ ಏರಿಳಿತ ತಪ್ಪಿದರೆ ಮಾತಿನ ಅರ್ಥವೇ ಬೇರೆಯಾಗುವುದು. ಮುಂಬಯಿಯಲ್ಲಿ ವೈದ್ಯಪದವಿ ಪಡೆದಿದ್ದವರು ಮತ್ತೆ ಬಿನ್ನತ್ತಿಯ ಮಕ್ಕಳಂತೆ ಕುಳಿತು ಇದನ್ನು ಸಾಧಿಸಿದರು. ಮುಂದೆ ಚೀನೀ ಭಾಷೆಯಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವೊಂದನ್ನು ರಚಿಸಿದರು. ಇನ್ನೊಂದನ್ನು ಬರೆಯುತ್ತಿದ್ದಾಗಲೇ ಮರಣ ಬಂದಿತು. ಜನರು ಅವರನ್ನು ಕೆ ದಿಹ್ವಾ ಎಂಬ ಚೀನೀ ಹೆಸರಿನಿಂದ ಕರೆದರು. ಊಟಕ್ಕೆ ಎಲ್ಲರೊಡನೆ ನವಣೆಯ ಗಂಜಿ. ಉತ್ತರ ಚೀನಾದ ಆ ಧಾನ್ಯ ನಮ್ಮ ಅಜ್ಜಿಯರು ಬಲ್ಲ ನವಣೆಯೇ. ಪರದೇಶದ ತಾಟಿನಲ್ಲಿ ತನ್ನ ನಾಡಿನ ಕಾಳನ್ನು ಕಂಡವನಿಗೆ ಆ ದೇಶ ಪೂರ್ತಿ ಪರದೇಶವಾಗಿ ಉಳಿಯದು.

ಬೆಥ್ಯೂನರ ಸಮಾಧಿಯ ಸಮಾರಂಭದಲ್ಲಿ ಗುವೋ ಚಿಂಗ್‌ಲಾನ್ ಎಂಬ ತರುಣಿ ಕೋಟ್ನೀಸರನ್ನು ಮೊದಲು ಕಂಡರು. ಈ ಪರದೇಶದ ವೈದ್ಯನು ತಮ್ಮ ಭಾಷೆಯನ್ನು ಆಡಬಲ್ಲನು, ಬರೆಯಲೂ ಬಲ್ಲನು ಎಂಬುದೇ ಆಕೆಯನ್ನು ಬೆರಗುಗೊಳಿಸಿತೆಂದು ಹೇಳುವರು. ಇಬ್ಬರೂ 1941ರಲ್ಲಿ ವಿವಾಹವಾದರು.

ಈಗ ಚಿತ್ರಕ್ಕೆ ಮರಳೋಣ. ಅಲ್ಲಿ ವೈದ್ಯನೂ ಹಿಂದಿಯನ್ನಾಡುವನು, ಚೀನೀ ತರುಣಿಯೂ ಹಿಂದಿಯನ್ನಾಡುವಳು. ಇದನ್ನೇ ದೋಷವೆಂದು ನಾನು ಎಣಿಸುವುದಿಲ್ಲ. ನಮ್ಮ ಬಯಲಾಟದಲ್ಲಿ ರಾವಣನು ಅಚ್ಚ ಕನ್ನಡವನ್ನೇ ಆಡುವನು; ಲಂಕೆಯ ಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಅದು ಕಲೆಗೆ ಸಹಜವಾದ ಸ್ವಾತಂತ್ರ್ಯ. ಆದರೆ ರಾವಣನ ಕಥೆ ಭಾಷೆಯ ಕಥೆಯಲ್ಲ. ಕೋಟ್ನೀಸರ ಕಥೆಯಾದರೋ ಬಹುಮಟ್ಟಿಗೆ ಭಾಷೆಯ ಕಥೆ. ಎಲ್ಲರ ಬಾಯಲ್ಲಿಯೂ ಒಂದೇ ನುಡಿಯನ್ನಿರಿಸಿದ ಕೂಡಲೆ ನಾಯಕನು ದಾಟಿದ ನಿಜವಾದ ಹೊಳೆ ಬತ್ತಿಹೋಗುತ್ತದೆ. ಅವನು ತಡವರಿಸಿದ ದಿನಗಳು, ತಪ್ಪು ಉಚ್ಚರಿಸಿ ನಗೆಗೀಡಾದ ಗಳಿಗೆಗಳು, ಗಾಯಾಳುವಿನ ನೋವು ಎಲ್ಲಿಯದೆಂದು ತಿಳಿಯದೆ ಸೋತ ಕ್ಷಣಗಳು, ಇವಾವುವೂ ಕಥೆಯ ಬೆನ್ನೆಲುಬಾಗಿ ನಿಲ್ಲುವುದಿಲ್ಲ. ನಮ್ಮ ಪೂರ್ವದ ಆಲಂಕಾರಿಕರು ಔಚಿತ್ಯವನ್ನು ಕಾವ್ಯದ ಜೀವವೆಂದರು. ಆ ಮಾತಿನ ಬೆಳಕಿನಲ್ಲಿ ನೋಡಿದರೆ ಇಲ್ಲಿ ಕೊರತೆಯಾಗಿರುವುದು ಭಾಷೆಯಲ್ಲ, ಕಲಿಕೆ.

ಎರಡನೆಯ ಆಕ್ಷೇಪ ಇದಕ್ಕೇ ಹೊಂದಿಕೊಂಡಿದೆ. ಚಿತ್ರವು ಒಂದು ಭಯಂಕರ ಸಾಂಕ್ರಾಮಿಕ ರೋಗದ ಪ್ರಸಂಗವನ್ನು ಹಿಗ್ಗಿಸಿ, ಅದಕ್ಕೆ ಔಷಧ ಕಂಡುಹಿಡಿಯುವ ಏಕಾಂಗಿ ವೀರನನ್ನಾಗಿ ವೈದ್ಯನನ್ನು ಚಿತ್ರಿಸುತ್ತದೆ. ಪ್ರೇಕ್ಷಕನ ಎದೆ ಡವಗುಟ್ಟುವುದು ನಿಜ. ಆದರೆ ವಾಸ್ತವದ ಕೋಟ್ನೀಸರು ಅಪಸ್ಮಾರದಿಂದ ತೀರಿಕೊಂಡರು. ಅವರ ಹಿರಿತನ ಒಂದು ರಾತ್ರಿಯ ಸಾಹಸದಲ್ಲಿರಲಿಲ್ಲ. ದಿನದಿನದ ಶುಶ್ರೂಷೆಯಲ್ಲಿ, ಇತರರಿಗೆ ಕೈ ಹಿಡಿದು ಕಲಿಸುವುದರಲ್ಲಿ, ತಾನಿಲ್ಲದಾಗಲೂ ಆಸ್ಪತ್ರೆ ನಡೆಯುವಂತೆ ಮಾಡುವುದರಲ್ಲಿ ಅದು ಇತ್ತು. ವೀರನನ್ನು ಪೂಜಿಸುವುದು ಸುಲಭ. ಒಳ್ಳೆಯ ಮುಖ್ಯಸ್ಥನನ್ನು ಚಿತ್ರಿಸುವುದು ಕಷ್ಟ. ಚಿತ್ರವು ಸುಲಭವಾದುದನ್ನು ಆರಿಸಿಕೊಂಡಿತು.

ಮೂರನೆಯದು ಚಿತ್ರದ ಮುಕ್ತಾಯ. ಸಾಯುತ್ತಿರುವ ವೈದ್ಯನು ತನ್ನ ಊರಿನ ಮನೆಯಲ್ಲಿ ಹೆಂಡತಿಗೆ ದೊರೆಯಲಿರುವ ಸ್ವಾಗತವನ್ನು ಬಣ್ಣಿಸುವನು. ಆಕೆ ಆ ಹೊಸ್ತಿಲಿಗೆ ಬರುವುದನ್ನು ನಾವು ನೋಡುತ್ತೇವೆ. ಕರುಣರಸ ತುಂಬಿ ಹರಿಯುವ ದೃಶ್ಯವಿದು. ನನ್ನ ಕಣ್ಣೂ ತೇವಗೊಂಡಿತು. ಆದರೂ ಯೋಚಿಸಬೇಕು: ಅವರ ಮನೆಯೊಳಕ್ಕೆ ತಾನು ಹೋದವನ ಕಥೆಯನ್ನು, ನಮ್ಮ ಮನೆಗೆ ಅವರು ಬಂದ ಕಥೆಯನ್ನಾಗಿ ಚಿತ್ರವು ತಿರುಗಿಸಿಬಿಟ್ಟಿತು. ವಸ್ತುತಃ ಚಿಂಗ್‌ಲಾನ್ ಅವರು ಮುಂದೆ ಹಲವು ಸಲ ಭಾರತಕ್ಕೆ ಬಂದರೂ ಬಾಳಿದುದು ಚೀನಾದಲ್ಲಿಯೇ. 2012ರಲ್ಲಿ ಅಲ್ಲಿಯೇ ನಿಧನ ಹೊಂದಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಯಿನ್‌ಹ್ವಾ ಎಂದು ಹೆಸರಿಡಲಾಗಿತ್ತು. ‘ಯಿನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. ಎರಡು ನಾಡುಗಳು ಒಂದರ ಪಕ್ಕದಲ್ಲೊಂದು ನಿಂತ ಹೆಸರದು. ಒಂದು ಇನ್ನೊಂದನ್ನು ನುಂಗಿದ ಹೆಸರಲ್ಲ. ಆ ಎರಡು ಅಕ್ಷರಗಳಲ್ಲಿರುವ ಸಮತೂಕ ಇಡಿಯ ಚಿತ್ರದಲ್ಲಿಲ್ಲ.

ಇಷ್ಟನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ವಿಮರ್ಶೆ ಪರೋಪದೇಶ ಪಾಂಡಿತ್ಯವಾದೀತು. ನೌಕರಿಯ ಮೊದಲ ವರ್ಷ ಒಂದನೆಯ ಇಯತ್ತೆಗೆ ತಾಂಡೆಯಿಂದ ಒಬ್ಬ ಲಂಬಾಣಿ ಹುಡುಗಿ ಬರುತ್ತಿದ್ದಳು. ಒಂದು ದಿನ “ಏನು ಉಂಡು ಬಂದೆಯವ್ವಾ?” ಎಂದು ಕೇಳಿದೆನು. “ಬಾಟಿ” ಎಂದಳು. ಮಕ್ಕಳು ನಕ್ಕರು. “ಬಾಟಿ ಅಲ್ಲ, ರೊಟ್ಟಿ ಅನ್ನಬೇಕು” ಎಂದು ತಿದ್ದಿದೆನು. ಅವಳು ರೊಟ್ಟಿ ಎನ್ನಲಿಲ್ಲ. ಮತ್ತಾವ ಮಾತನ್ನೂ ಆಡಲಿಲ್ಲ. ಕೆಲವು ದಿನಗಳಾದ ಮೇಲೆ ಶಾಲೆಗೆ ಬರುವುದನ್ನೇ ಬಿಟ್ಟಳು. ಕನ್ನಡವನ್ನು ಕಲಿಸಬೇಕೆಂಬ ನನ್ನ ಆಸೆ ತಪ್ಪಲ್ಲ. ಆದರೆ ಮೊದಲು ಅವಳಿಂದ ಒಂದು ಮಾತನ್ನು ಕಲಿತು, ಆಮೇಲೆ ಅವಳಿಗೆ ಒಂದು ಮಾತನ್ನು ಕಲಿಸಬಹುದಾಗಿತ್ತು. ಮರಾಠಿಯ ರಾಜ್ಯದಲ್ಲಿ ಕನ್ನಡ ಶಾಲೆಯನ್ನು ನಡೆಸುವ ನಾವು, ನಮ್ಮ ನುಡಿಗೆ ಇತರರು ಕಿವಿಗೊಡಲೆಂದು ದಿನವೂ ಬಯಸುವವರು. ಅಂತಹ ನಾನೇ ಒಂದು ಕಿರಿಯ ನುಡಿಗೆ ಕಿವಿ ಮುಚ್ಚಿದೆನು. ಎಲ್ಲರ ಬಾಯಲ್ಲಿ ಒಂದೇ ಭಾಷೆಯನ್ನಿರಿಸಿದ ಚಿತ್ರಕಾರರ ತಪ್ಪಿಗಿಂತ ಇದು ದೊಡ್ಡದು; ಏಕೆಂದರೆ ಅವರದು ಪರದೆಯ ಮೇಲಿನದು, ನನ್ನದು ಬಾಳಿನೊಳಗಿನದು.

ಪರರ ಸಂಸ್ಕೃತಿಯನ್ನು ಅರಿಯುವುದೆಂದರೆ ತನ್ನದನ್ನು ತೊರೆಯುವುದೆಂದು ಕೆಲವರು ಅಂಜುವರು. ಕೋಟ್ನೀಸರು ಕೆ ದಿಹ್ವಾ ಆದರು. ಆದರೂ ಕೋಟ್ನೀಸರಾಗಿಯೇ ಉಳಿದರು. ಸೊಲ್ಲಾಪುರದ ಅವರ ಮನೆ ಇಂದು ಸ್ಮಾರಕವಾಗಿದೆ; ಚೀನಾದ ಶಿಜ್ಯಾಜ್ವಾಂಗ್ ಪಟ್ಟಣದಲ್ಲಿ ಅವರ ಸಮಾಧಿಯಿದೆ. ಎರಡು ನಾಡುಗಳೂ ‘ಇವನು ನಮ್ಮವನು’ ಎನ್ನುತ್ತಿವೆ. ಪರನಾಡಿನಲ್ಲಿ ಹಿರಿತನ ವಹಿಸುವವನು ಮೊದಲು ಅಲ್ಲಿ ಕಿರಿಯನಾಗಿ ಕುಳಿತು ಕಲಿಯಬೇಕೆಂಬುದೇ ಆ ಬಾಳಿನ ಸಾರ.

ಚಿತ್ರವನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಿರಿ ಎಂದೇ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ. ಆದರೆ ಮುಗಿದ ಮೇಲೆ ಆ ಹುಡುಗನ ಪ್ರಶ್ನೆಯನ್ನು ನೀವೇ ಕೇಳಿರಿ. ಯಾರಾದರೂ ನಕ್ಕರೆ ನಗಲಿ. ನಗೆ ನಿಂತ ಮೇಲೆ, ಒಬ್ಬ ಮನುಷ್ಯನು ಮೂವತ್ತರ ಆಸುಪಾಸಿನಲ್ಲಿ ಮತ್ತೆ ಅಕ್ಷರ ತಿದ್ದಿದ ಕಥೆಯನ್ನು ಹೇಳಿರಿ. ಚಿತ್ರದಲ್ಲಿ ಕಾಣದ ಆ ಪಾಠವನ್ನು ತುಂಬಿಕೊಡುವುದು ನಮ್ಮ ಕೆಲಸ.