ಅಧ್ಚಿನಿಯ ತಾಯಿ

ದೆಹಲಿಯಲ್ಲಿ ಚಿಶ್ತಿ ಸೂಫಿಗಳ ಮಾತು ಬಂದರೆ ಎಲ್ಲರೂ ನಿಜಾಮುದ್ದೀನ್ ಬಸ್ತಿಯ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಖವ್ವಾಲಿ, ಗುಲಾಬಿ ಎಸಳು, ಜಾಲಂಧ್ರಕ್ಕೆ ಕಟ್ಟಿದ ಹರಕೆಯ ದಾರ ಎಲ್ಲರಿಗೂ ಪರಿಚಿತ. ಆದರೆ ಕಳೆದುಕೊಂಡವರಿಗೆ ದೇವರು ಹತ್ತಿರವಾಗುತ್ತಾನೆ ಎಂಬ ಈ ಪರಂಪರೆಯ ನಂಬಿಕೆಯನ್ನು ತೂಗಿ ನೋಡಬೇಕಾದರೆ ಅರವಿಂದೋ ಮಾರ್ಗದ ಮಗ್ಗುಲಿನ ಅಧ್ಚಿನಿಯಿಂದಲೇ ಹೊರಡಬೇಕು. ನಿಜಾಮುದ್ದೀನ್ ಔಲಿಯಾ ಅವರ ತಾಯಿ ಬೀಬಿ ಜುಲೈಖಾ ಮಲಗಿರುವುದು ಅಲ್ಲಿ.

ಬದಾಯೂಂನಲ್ಲಿ ಹುಟ್ಟಿದ ನಿಜಾಮುದ್ದೀನರಿಗೆ ಎಳವೆಯಲ್ಲೇ ತಂದೆ ಇಲ್ಲವಾದರು. ಮನೆಯಲ್ಲಿ ಕಾಳು ಮುಗಿದ ದಿನ ತಾಯಿ ಮಗನಿಗೆ, ಇವತ್ತು ನಾವು ದೇವರ ಮನೆಯ ಅತಿಥಿಗಳು ಎನ್ನುತ್ತಿದ್ದರಂತೆ. ಸತತ ಕೆಲವು ದಿನ ಊಟ ಸಿಕ್ಕರೆ, ಅಮ್ಮ ಆ ಮಾತು ಮತ್ತೆ ಯಾವಾಗ ಆಡುತ್ತಾಳೋ ಎಂದು ಹುಡುಗ ಕಾಯುತ್ತಿದ್ದನಂತೆ.

ಈ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ, ಜೊತೆಗೇ ಅಂಜುತ್ತದೆ. ಹಸಿದ ಮಗುವಿಗೆ ಹಸಿವೇ ಪುಣ್ಯವೆಂದು ಹೇಳುವುದಕ್ಕಿಂತ ದೊಡ್ಡ ಕ್ರೌರ್ಯ ಇನ್ನೊಂದಿಲ್ಲ. ಹಾಗಾದರೆ ಜುಲೈಖಾರ ಮಾತು ಏಕೆ ಕ್ರೌರ್ಯವಲ್ಲ? ಆಕೆಯ ಹೊಟ್ಟೆಯೂ ಖಾಲಿಯಿತ್ತು. ನಷ್ಟದಲ್ಲಿ ದೇವರನ್ನು ಕಂಡೆ ಎನ್ನುವ ಅಧಿಕಾರ ಕಳೆದುಕೊಂಡವರಿಗೆ ಮಾತ್ರ. ಉಂಡು ಕುಳಿತವರಿಗೆ ಅದಿಲ್ಲ. ಚಿಶ್ತಿ ಪರಂಪರೆಯನ್ನು ನಾನು ಅಳೆಯುವುದು ಈ ಒಂದೇ ಅಳತೆಯಿಂದ.

ಆ ಅಳತೆಗೆ ನಿಜಾಮುದ್ದೀನರು ನಿಲ್ಲುತ್ತಾರೆ. ಒಮ್ಮೆ ಅಮಾವಾಸ್ಯೆ ಕಳೆದು ಚಂದ್ರ ಕಂಡ ದಿನ ತಾಯಿಯ ಪಾದಕ್ಕೆ ತಲೆಯಿಟ್ಟಾಗ, ಮುಂದಿನ ತಿಂಗಳು ಯಾರ ಪಾದಕ್ಕೆ ತಲೆಯಿಡುತ್ತೀ ಎಂದು ಆಕೆ ಕೇಳಿದರು. ಮಗನಿಗೆ ಅರ್ಥವಾಯಿತು, ಅಳು ಬಂತು. ಬೆಳಗಿನ ಜಾವ ಆಕೆ ಮಗನ ಬಲಗೈ ಹಿಡಿದು, ಇವನನ್ನು ನಿನಗೆ ಒಪ್ಪಿಸಿದೆ ಎಂದು ದೇವರಿಗೆ ಹೇಳಿ ಕಣ್ಮುಚ್ಚಿದರು. ಮನೆ ತುಂಬ ಚಿನ್ನ ಬಿಟ್ಟುಹೋಗಿದ್ದರೂ ತನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ ಎಂದು ಮಗ ಮುಂದೆ ನೆನೆದರು.

ಆ ನಷ್ಟ ಅವರೊಳಗೆ ಏನಾಗಿ ಬೆಳೆಯಿತು ಎಂಬುದು ಘಿಯಾಸ್‌ಪುರದ ಖಾನ್‌ಖಾದಲ್ಲಿ, ಅಂದರೆ ಅವರ ಆಶ್ರಮದಲ್ಲಿ, ಕಾಣುತ್ತದೆ. ಬಂದ ಕಾಣಿಕೆಯನ್ನೆಲ್ಲ ಹಂಚಿ, ಶುಕ್ರವಾರದ ನಮಾಜಿಗೆ ಮೊದಲು ಉಗ್ರಾಣ ಬರಿದು ಮಾಡಿಸುತ್ತಿದ್ದರು. ಉಪವಾಸ ಹಿಡಿಯುವ ಮುನ್ನ ನಸುಕಿನಲ್ಲಿ ತಟ್ಟೆ ಮುಂದಿಟ್ಟರೆ, ಮಸೀದಿ ಮೂಲೆಯಲ್ಲಿ, ಅಂಗಡಿ ಜಗಲಿಯಲ್ಲಿ ಹಸಿದು ಮಲಗಿದವರು ನೆನಪಾಗಿ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಶಿಷ್ಯರು ದಾಖಲಿಸಿದ್ದಾರೆ. ಹಸಿವು ಅವರನ್ನು ದೇವರ ಹತ್ತಿರ ಒಯ್ದದ್ದು ಪರರ ಹಸಿವಿನ ಮೂಲಕವೇ.

ಈ ಪರಂಪರೆ ದುಃಖವನ್ನು ಅವಸರದಲ್ಲಿ ಒರೆಸಲಿಲ್ಲ ಎಂಬುದೂ ದೊಡ್ಡ ಮಾತು. ಸೋದರಿಯ ಕುಟುಂಬದ ಎಳೆಯ ತಖಿಯುದ್ದೀನ್ ನೂಹ್ ತೀರಿಕೊಂಡಾಗ ಗುರುಗಳ ಮುಖದಲ್ಲಿ ನಗುವೇ ಮಾಯವಾಯಿತಂತೆ. ಹಳದಿ ಬಟ್ಟೆ ಉಟ್ಟು, ಸಾಸಿವೆ ಹೂ ಹಿಡಿದು ಬಂದ ಶಿಷ್ಯ, ಕವಿ ಅಮೀರ್ ಖುಸ್ರೋ ಅದನ್ನು ಮರಳಿಸಿದರಂತೆ. ದರ್ಗಾದಲ್ಲಿ ಇಂದಿಗೂ ನಡೆಯುವ ಬಸಂತ್ ಹಬ್ಬಕ್ಕೆ ಹೇಳುವ ಕಥೆಯಿದು. ಐತಿಹ್ಯವೇ ಇರಲಿ, ಸಂತನೂ ಮಂಕಾಗಿ ಕೂರಬಹುದೆಂದು ಅದು ಒಪ್ಪುತ್ತದೆ. 1325ರಲ್ಲಿ ಗುರು ತೀರಿಕೊಂಡರು, ಆರು ತಿಂಗಳಲ್ಲಿ ಖುಸ್ರೋ ಕೂಡ.

ಮುಂದೆ ನಷ್ಟವೇ ಈ ಪರಂಪರೆಯ ದಾರಿಯಾಯಿತು. ನಿಜಾಮುದ್ದೀನರ ಶಿಷ್ಯ, ಚಿರಾಗ್ ದಿಲ್ಲಿಯ ನಸೀರುದ್ದೀನರು ಗುರುವಿನಿಂದ ಬಂದ ನಿಲುವಂಗಿ, ಊರುಗೋಲುಗಳನ್ನು ಯಾರಿಗೂ ಕೊಡದೆ ತಮ್ಮೊಡನೆ ಹೂಳಿಸಿಕೊಂಡರು. ಅವರ ಶಿಷ್ಯ ಗೇಸುದರಾಜರು 1398ರಲ್ಲಿ, ತೈಮೂರನ ದಾಳಿಯ ಹೊತ್ತಿಗೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ದೆಹಲಿ ಬಿಟ್ಟು ಗುಜರಾತಿನ ಮೂಲಕ ಕಲಬುರಗಿ ಸೇರಿದರು. ಅವರೇ ನಮ್ಮ ಖಾಜಾ ಬಂದೇನವಾಜರು. ಅವರ ದರ್ಗಾ ದೆಹಲಿ ಕಳೆದುಕೊಂಡದ್ದರ ಫಲ.

ನನ್ನ ಆಕ್ಷೇಪ ಒಂದೇ, ಆದರೆ ಗಟ್ಟಿಯಾದದ್ದು. ಹೆಂಗಸಿನ ಹಸಿವಿನಿಂದ ಕಣ್ಣು ತೆರೆದ ಪರಂಪರೆ ಹೆಂಗಸನ್ನು ಹೊಸ್ತಿಲಾಚೆ ಕೂರಿಸಿತು. ನಿಜಾಮುದ್ದೀನ್ ದರ್ಗಾದ ಗರ್ಭಗೃಹಕ್ಕೆ ಮಹಿಳೆಯರಿಗೆ ಪ್ರವೇಶವಿಲ್ಲ. 2018ರಲ್ಲಿ ಕಾನೂನು ವಿದ್ಯಾರ್ಥಿನಿಯರು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಮೂಗುತಿಯ ಪ್ರಸಂಗದಲ್ಲಿ ಪುರಂದರದಾಸರು ಹೆಂಡತಿಯ ಋಣವನ್ನು ಬಾಯ್ತುಂಬ ಒಪ್ಪಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ನಿಜಾಮುದ್ದೀನರೂ ತಾಯಿಯ ಋಣ ಮರೆಯಲಿಲ್ಲ. ಕಷ್ಟ ಬಂದಾಗ ಆಕೆಯ ಸಮಾಧಿಗೇ ಹೋಗುತ್ತಿದ್ದರು. ಮರೆತವರು ನಂತರದವರು.

ಕರ್ನಾಟಕದಿಂದ ದೆಹಲಿಗೆ ಬಂದು ಖವ್ವಾಲಿ ಕೇಳಲು ಬಸ್ತಿಗೆ ಹೋಗುವವರು ದಯವಿಟ್ಟು ಮೊದಲು ಅಧ್ಚಿನಿಗೆ ಹೋಗಿ ಬನ್ನಿ.